ಟಿನ್‌ವಾಲ್ಡ್: ಒಂದೇ ಸಭಾಂಗಣ, ಎರಡು ಎಣಿಕೆ. ಐಲ್ ಆಫ್ ಮ್ಯಾನ್ ಸಂಸತ್ತು ನಡೆಯೋದು ಹೇಗೆ?

ಶರಾವತಿ ದಂಡೆ:
ಸಣ್ಣ ಸ್ವಯಮಾಡಳಿತ ಪ್ರದೇಶಗಳ ಸಂಸತ್ತುಗಳ ಬಗ್ಗೆ ಓದುತ್ತಾ ಐಲ್ ಆಫ್ ಮ್ಯಾನ್‌ಗೆ ಬಂದು ನಿಂತಿದ್ದೇನೆ. ಹೌಸ್ ಆಫ್ ಕೀಸ್ ಅಂತ ಒಂದು, ಲೆಜಿಸ್ಲೇಟಿವ್ ಕೌನ್ಸಿಲ್ ಅಂತ ಇನ್ನೊಂದು, ಟಿನ್‌ವಾಲ್ಡ್ ಕೋರ್ಟ್ ಅಂತ ಮತ್ತೊಂದು. ಇಲ್ಲಿರೋದು ಎರಡು ಸದನವೋ ಮೂರೋ? 'ಕೋರ್ಟ್' ಅಂದರೆ ನ್ಯಾಯಾಲಯವೇ? ಒಂದು ಮಸೂದೆ ಎಲ್ಲಿ ಹುಟ್ಟಿ ಎಲ್ಲಿ ಕಾನೂನಾಗುತ್ತದೆ? ಬಲ್ಲವರು ಬಿಡಿಸಿ ಹೇಳಿ.

ಕಲಾಪ ಕಡತ:
ಶರಾವತಿಯವರೇ, ಸದಸ್ಯರ ಗುಂಪು ಎರಡೇ, ಆದರೆ ಅವರು ಕೂರುವ ಬಗೆ ಮೂರು. ಇದೊಂದು ತಲೆಗೆ ಹೋದರೆ ಉಳಿದದ್ದು ಸಲೀಸು.

ಕೀಸ್‌ನಲ್ಲಿ 24 ಮಂದಿ, ಎಲ್ಲರೂ ಜನರಿಂದ ನೇರವಾಗಿ ಆಯ್ಕೆಯಾದವರು. ಕೌನ್ಸಿಲ್‌ನಲ್ಲಿ 11 ಮಂದಿ: ಟಿನ್‌ವಾಲ್ಡ್‌ನ ಪ್ರೆಸಿಡೆಂಟ್, ಸೋಡರ್ ಅಂಡ್ ಮ್ಯಾನ್ ಬಿಷಪ್, ಅಟಾರ್ನಿ ಜನರಲ್, ಜೊತೆಗೆ ಕೀಸ್ ಸದಸ್ಯರು ಆರಿಸಿ ಕಳಿಸುವ 8 ಮಂದಿ. ಕೀಸ್ ಬೇರೆಯಾಗಿ ಕೂರುತ್ತದೆ, ಕೌನ್ಸಿಲ್ ಬೇರೆಯಾಗಿ ಕೂರುತ್ತದೆ. ತಿಂಗಳಿಗೊಮ್ಮೆ, ಅಕ್ಟೋಬರ್‌ನಿಂದ ಜುಲೈವರೆಗೆ, ಇಬ್ಬರೂ ಒಂದೇ ಸಭಾಂಗಣದಲ್ಲಿ ಒಟ್ಟಿಗೆ ಕೂರುತ್ತಾರೆ. ಸಾಮಾನ್ಯವಾಗಿ ತಿಂಗಳ ಮೂರನೇ ಮಂಗಳವಾರ ಶುರುವಾಗಿ, ಕೆಲಸ ಮುಗಿಯದಿದ್ದರೆ ಬುಧವಾರ, ಗುರುವಾರಕ್ಕೂ ಮುಂದುವರಿಯುತ್ತದೆ. ಆ ಜಂಟಿ ಕೂಟವೇ ಟಿನ್‌ವಾಲ್ಡ್ ಕೋರ್ಟ್. ಇಲ್ಲಿ ಕೋರ್ಟ್ ಅಂದರೆ ಸಭೆ ಎಂಬ ಹಳೇ ಅರ್ಥ, ಮೊಕದ್ದಮೆ ನಡೆಸುವ ಜಾಗವಲ್ಲ.

ನಮ್ಮಲ್ಲಿ ಸಂಸತ್ತಿನ ಜಂಟಿ ಅಧಿವೇಶನ ಅಪರೂಪದ ಸಂಗತಿ. ಕರ್ನಾಟಕದಂಥ ರಾಜ್ಯಗಳಲ್ಲಿ ಮಸೂದೆಗಾಗಿ ಎರಡು ಸದನ ಒಟ್ಟಿಗೆ ಕೂರುವ ಅವಕಾಶವೇ ಸಂವಿಧಾನದಲ್ಲಿಲ್ಲ. ಅಲ್ಲಿ ಅದು ತಿಂಗಳ ದಿನಚರಿ. ಕೆಲಸ ಹಂಚಿಕೊಂಡಿರುವ ರೀತಿಯೂ ಬೇರೆ. ಕಾಯ್ದೆಗಳು ಬೇರೆಬೇರೆಯಾಗಿ ಕೂತಾಗ. ಬಜೆಟ್, ನೀತಿ ಗೊತ್ತುವಳಿಗಳು, ಇಲಾಖೆಗಳು ಹೊರಡಿಸುವ ನಿಯಮ ಮತ್ತು ಆದೇಶಗಳ ಒಪ್ಪಿಗೆ, ಸಮಿತಿ ವರದಿಗಳು, ಇವೆಲ್ಲ ಒಟ್ಟಿಗೆ ಕೂತಾಗ.

ನಡುಗಡ್ಡೆ:
ಕಡತದವರು ಚೌಕಟ್ಟು ಹಾಕಿಕೊಟ್ಟರು, ಹಿನ್ನೆಲೆ ಸ್ವಲ್ಪ ಸೇರಿಸುತ್ತೇನೆ. ದ್ವೀಪದ ವಿಸ್ತೀರ್ಣ 572 ಚದರ ಕಿ.ಮೀ., 2021ರ ಜನಗಣತಿ ಪ್ರಕಾರ ಜನಸಂಖ್ಯೆ 84,069. ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿದೆ, ಆದರೆ ಯುನೈಟೆಡ್ ಕಿಂಗ್‌ಡಮ್‌ನ ಭಾಗವಲ್ಲ. ವೆಸ್ಟ್‌ಮಿನ್‌ಸ್ಟರ್‌ಗೆ ಇಲ್ಲಿಂದ ಒಬ್ಬ ಸಂಸದನೂ ಹೋಗುವುದಿಲ್ಲ. ರಾಜ ಇಲ್ಲಿ 'ಲಾರ್ಡ್ ಆಫ್ ಮ್ಯಾನ್', ಅವನ ಪ್ರತಿನಿಧಿ ಲೆಫ್ಟಿನೆಂಟ್ ಗವರ್ನರ್. ರಕ್ಷಣೆ, ವಿದೇಶ ವ್ಯವಹಾರ ಲಂಡನ್ನಿನ ಹೊಣೆ.

ಟಿನ್‌ವಾಲ್ಡ್ ಎಂಬ ಹೆಸರು ಬಂದದ್ದು ಹಳೆಯ ನಾರ್ಸ್ ಭಾಷೆಯ 'ಥಿಂಗ್‌ವೊಲ್ಲರ್'ನಿಂದ, ಅಂದರೆ ಸಭೆ ಸೇರುವ ಬಯಲು. ಐಸ್‌ಲ್ಯಾಂಡಿನ ಥಿಂಗ್‌ವೆಲ್ಲಿರ್ ಕೂಡ ಇದೇ ಬಳ್ಳಿಯ ಹೂವು. 1979ರಲ್ಲಿ ಸಾವಿರ ವರ್ಷದ ಆಚರಣೆ ಮಾಡಿದರು. ಕೀಸ್‌ಗೆ ಮ್ಯಾಂಕ್ಸ್ ಭಾಷೆಯಲ್ಲಿ 'ಕಿಯಾರೆ ಅಸ್ ಫೀಡ್' ಅನ್ನುತ್ತಾರೆ. ಅರ್ಥ ಸೀದಾ: ನಾಲ್ಕು ಮತ್ತು ಇಪ್ಪತ್ತು.

ಹಳೆಯದು ಅಂದ ಮಾತ್ರಕ್ಕೆ ಪ್ರಜಾಪ್ರಭುತ್ವ ಅಂತಲ್ಲ, ಇದನ್ನು ಒತ್ತಿ ಹೇಳಬೇಕು. 1866ರವರೆಗೆ ಕೀಸ್‌ಗೆ ಜನರ ಮತವೇ ಇರಲಿಲ್ಲ. ಜಾಗ ಖಾಲಿಯಾದರೆ ಒಳಗಿದ್ದವರೇ ತಮ್ಮ ಪೈಕಿಯವರನ್ನು ತುಂಬಿಕೊಳ್ಳುತ್ತಿದ್ದರು. 1864ರಲ್ಲಿ ಜೇಮ್ಸ್ ಬ್ರೌನ್ ಎಂಬ ಪತ್ರಿಕಾ ಸಂಪಾದಕ ತಮ್ಮನ್ನು ಟೀಕಿಸಿ ಬರೆದದ್ದು ಸದನ ನಿಂದನೆ ಅಂತ ಕೀಸ್ ಅವರನ್ನು ಕ್ಯಾಸಲ್ ರಶೆನ್ ಜೈಲಿಗೆ ಹಾಕಿತು. ಇಂಗ್ಲೆಂಡಿನ ಕ್ವೀನ್ಸ್ ಬೆಂಚ್ ನ್ಯಾಯಾಲಯದ ಆದೇಶದಿಂದ ಬ್ರೌನ್ ಹೊರಬಂದರು, ಆಮೇಲೆ ಪರಿಹಾರವನ್ನೂ ಪಡೆದರು. ಅದೇ ಹೊತ್ತಿಗೆ ಗವರ್ನರ್ ಹೆನ್ರಿ ಲಾಕ್, ಹಡಗುಕಟ್ಟೆಯ ಕಾಮಗಾರಿಗೆ ಸುಂಕದ ಹಣ ಬೇಕು ಅಂತ ಲಂಡನ್ನಿನ ಜೊತೆ ಮಾತುಕತೆಯಲ್ಲಿದ್ದರು. ಹಣದ ಮೇಲೆ ಹಿಡಿತ ಬೇಕಾದರೆ ಕೀಸ್ ಚುನಾಯಿತವಾಗಬೇಕು ಎಂಬ ಷರತ್ತು ಬಿತ್ತು. 1866ರ ಚುನಾವಣೆ ಬಂದದ್ದು ಹೀಗೆ. 1881ರಲ್ಲಿ ಆಸ್ತಿಯುಳ್ಳ ಅವಿವಾಹಿತ ಮಹಿಳೆಯರಿಗೂ ವಿಧವೆಯರಿಗೂ ಮತ ಸಿಕ್ಕಿತು. ನ್ಯೂಜಿಲೆಂಡ್‌ಗಿಂತ 12 ವರ್ಷ ಮೊದಲು! ಎಲ್ಲ ಮಹಿಳೆಯರಿಗೂ ಅಲ್ಲ ಅನ್ನೋದನ್ನು ಮಾತ್ರ ಮರೆಯಬೇಡಿ. ಅನೇಕರು ಆ ಭಾಗ ಬಿಟ್ಟು ಹೇಳುತ್ತಾರೆ.

ಶರಾವತಿ ದಂಡೆ:
ಇಬ್ಬರಿಗೂ ಧನ್ಯವಾದ. ಒಟ್ಟಿಗೆ ಕೂತಾಗ 24 ಮಂದಿ ಒಂದು ಕಡೆ, 11 ಮಂದಿ ಇನ್ನೊಂದು ಕಡೆ. ಹಾಗಾದರೆ ಕೀಸ್ ಹೇಳಿದ್ದೇ ನಡೆಯುತ್ತದೆ ಅಲ್ಲವೇ? ಕೌನ್ಸಿಲ್ ಇದ್ದೂ ಇಲ್ಲದ ಹಾಗೆ?

ಕಲಾಪ ಕಡತ:
ಇಲ್ಲ, ಎಲ್ಲರೂ ಎಡವುವುದು ಇಲ್ಲೇ. ಕೂರುವುದು ಒಟ್ಟಿಗೆ, ಎಣಿಸುವುದು ಬೇರೆಬೇರೆ.

ಸಭಾಂಗಣದಲ್ಲಿ ಪ್ರೆಸಿಡೆಂಟ್ ಮತ್ತು ಕೌನ್ಸಿಲ್ ಮೇಲಿನ ಸಾಲಿನಲ್ಲಿ, ಸ್ಪೀಕರ್ ಮತ್ತು ಕೀಸ್ ಕೆಳಗೆ. ಚರ್ಚೆ ಒಂದೇ. ಮತಕ್ಕೆ ಹಾಕಿದ ಮೇಲೆ ಮೊದಲು ಸ್ಪೀಕರ್ ಎದ್ದು ಕೀಸ್‌ನ ಲೆಕ್ಕ ಹೇಳುತ್ತಾರೆ, ಪರ ಇಷ್ಟು, ವಿರೋಧ ಇಷ್ಟು ಅಂತ. ಆಮೇಲೆ ಪ್ರೆಸಿಡೆಂಟ್ ಕೌನ್ಸಿಲ್‌ನ ಲೆಕ್ಕ ಹೇಳಿ ಫಲಿತಾಂಶ ಸಾರುತ್ತಾರೆ. ಎರಡೂ ಕಡೆ ಬಹುಮತ ಬಂದರೆ ಮಾತ್ರ ಗೊತ್ತುವಳಿ ಪಾಸು.

ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಕೌನ್ಸಿಲ್‌ನ 11ರಲ್ಲಿ ಅಟಾರ್ನಿ ಜನರಲ್‌ಗೆ ಮತವಿಲ್ಲ. ಪ್ರೆಸಿಡೆಂಟ್ ಸಮಬಲ ಬಂದಾಗ ಮಾತ್ರ ಮತ ಹಾಕುತ್ತಾರೆ. ಉಳಿದದ್ದು 9: ಬಿಷಪ್ ಮತ್ತು ಆ 8 ಮಂದಿ. ಕೀಸ್‌ನಲ್ಲಿ 16 ಪರ, 8 ವಿರೋಧ. ಕೌನ್ಸಿಲ್‌ನಲ್ಲಿ 4 ಪರ, 5 ವಿರೋಧ. ಒಟ್ಟು ಕೂಡಿದರೆ 20 ಪರ, 13 ವಿರೋಧ. ಆದರೂ ಗೊತ್ತುವಳಿ ಬಿದ್ದುಹೋಗುತ್ತದೆ. ಒಬ್ಬೇ ಒಬ್ಬ ಕೌನ್ಸಿಲ್ ಸದಸ್ಯ ಆಚೆ ವಾಲಿದ್ದಕ್ಕೆ.

ಆದರೆ ಅಲ್ಲಿಗೇ ಮುಗಿಯುವುದಿಲ್ಲ. ಕೀಸ್ ಪರ, ಕೌನ್ಸಿಲ್ ವಿರೋಧ ಅಂತಾದರೆ ಮುಂದಿನ ಕೂಟದಲ್ಲಿ ಅದೇ ವಿಷಯವನ್ನು ಮತ್ತೆ ತಂದು ಕೂಡುಮತ ಕೇಳಬಹುದು. ಆಗ 33 ಮತಗಳೂ ಒಂದೇ ಬುಟ್ಟಿಗೆ. ಮೇಲಿನ ಲೆಕ್ಕದಲ್ಲಿ 20-13, ಪಾಸು. ಅಂದರೆ ಕೌನ್ಸಿಲ್ ಕೈಯಲ್ಲಿರೋದು ತಡೆಯುವ ಬಲಕ್ಕಿಂತ ಒಂದು ತಿಂಗಳು ಯೋಚಿಸಿ ಬನ್ನಿ ಅನ್ನುವ ಬಲ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಅತ್ಯಂತ ವಿವೇಕದ ನಿಯಮ ಇದೇ. ಚುನಾಯಿತರ ಮಾತು ಕಡೆಗೆ ಗೆಲ್ಲುತ್ತದೆ, ಆದರೆ ಅದೇ ದಿನ ಗೆಲ್ಲುವುದಿಲ್ಲ.

ಕೌನ್ಸಿಲ್‌ನಲ್ಲಿ ಸಮಬಲ ಬಂದಾಗ ಪ್ರೆಸಿಡೆಂಟ್ ಹಾಕುವ ಮತವೂ ಅವರ ಇಷ್ಟದ್ದಲ್ಲ. ಕೀಸ್‌ನ ಬಹುಮತ ಯಾವ ಕಡೆ ಇದೆಯೋ ಆ ಕಡೆಗೇ ಹಾಕಬೇಕು.

ಸಂಪಿಗೆ ಸಾಲು:
ಕಡತ ಸರ್, ಒಂದು ಸ್ಪಷ್ಟನೆ ಸೇರಿಸಲೇ? ಈ ಕೂಡುಮತ ಜಂಟಿ ಕೂಟದ ಗೊತ್ತುವಳಿಗಳಿಗೆ ಮಾತ್ರ. ಮಸೂದೆಗಳಿಗೆ ಇದು ಅನ್ವಯಿಸುವುದಿಲ್ಲ, ಅವುಗಳ ದಾರಿಯೇ ಬೇರೆ. ಹೊಸಬರು ಎರಡನ್ನೂ ಕಲಸಿಬಿಡುತ್ತಾರೆ.

ಕಲಾಪ ಕಡತ:
ಸರಿಯಾಗಿ ಹೇಳಿದಿರಿ ಮೇಡಂ. ಹಾಗಾದರೆ ಮಸೂದೆಯ ದಾರಿಯನ್ನು ಬರೆದುಬಿಡುತ್ತೇನೆ.

ಸರ್ಕಾರಿ ಮಸೂದೆ ಹೆಚ್ಚಾಗಿ ಕೀಸ್‌ನಲ್ಲಿ ಶುರು. ಖಾಸಗಿ ಸದಸ್ಯರ ಮಸೂದೆಯಾದರೆ ಮೊದಲು ಮಂಡಿಸಲು ಅನುಮತಿ ಕೇಳಿ ಸದನದ ಮತ ಪಡೆಯಬೇಕು. ಮೊದಲ ವಾಚನ ಹೆಸರಿಗೆ ಮಾತ್ರ, ಚರ್ಚೆ ಇಲ್ಲ. ಎರಡನೇ ವಾಚನದಲ್ಲಿ ಮಸೂದೆಯ ತತ್ವ ಒಪ್ಪಬೇಕೋ ಬೇಡವೋ ಅನ್ನೋದು. ಆಮೇಲೆ ಖಂಡವಾರು ಹಂತ. ನಿಜವಾದ ಕೆಲಸ ಇರೋದು ಅಲ್ಲೇ. ಒಂದೊಂದು ಖಂಡವನ್ನೂ ಮಂಡಿಸಿ, ತಿದ್ದುಪಡಿ ತೆಗೆದುಕೊಂಡು, ಮತಕ್ಕೆ ಹಾಕುತ್ತಾರೆ. ಗೋಜಲಿನ ಮಸೂದೆಯಾದರೆ ಸಮಿತಿಗೆ ಕಳಿಸುತ್ತಾರೆ. ಕೊನೆಗೆ ಮೂರನೇ ವಾಚನ. ಇಷ್ಟೂ ಹಂತ ಕೌನ್ಸಿಲ್‌ನಲ್ಲಿ ಮತ್ತೆ ಮೊದಲಿನಿಂದ.

ಕೌನ್ಸಿಲ್‌ಗೆ ಹೋದಾಗ ಒಂದು ಪ್ರಾಯೋಗಿಕ ತೊಡಕು ಎದುರಾಗುತ್ತದೆ. ಸಚಿವರು ಸಾಮಾನ್ಯವಾಗಿ ಕೀಸ್‌ನವರು, ಅವರು ಕೌನ್ಸಿಲ್‌ನಲ್ಲಿ ಮಸೂದೆ ಮಂಡಿಸುವ ಹಾಗಿಲ್ಲ. ಹಾಗಾಗಿ ಕೌನ್ಸಿಲ್‌ನ ಒಬ್ಬ ಸದಸ್ಯ ಅದನ್ನು ಹೊತ್ತುಕೊಂಡು ನಡೆಸಬೇಕು. ಆತ ಇಲಾಖೆಯ ಅಧಿಕಾರಿಗಳ ಜೊತೆ ಮೊದಲೇ ಕೂತು ಖಂಡಖಂಡವೂ ಅರ್ಥಮಾಡಿಕೊಂಡಿರದಿದ್ದರೆ ಪ್ರಶ್ನೆಗೆ ಉತ್ತರ ಸಿಗದೆ ಮಸೂದೆ ಮುಂದಿನ ಕೂಟಕ್ಕೆ ಹೋಗುತ್ತದೆ. ಕೌನ್ಸಿಲ್ ತಿದ್ದುಪಡಿ ಮಾಡಿದರೆ ಮತ್ತೆ ಕೀಸ್‌ಗೆ ವಾಪಸ್. ಕೌನ್ಸಿಲ್ ಪೂರ್ತಿ ತಿರಸ್ಕರಿಸಿದರೂ ಕೀಸ್‌ಗೆ ದಾರಿಯಿದೆ. ಕೌನ್ಸಿಲ್‌ನ ಸಂಪೂರ್ಣ ತಡೆ 1961ರ ಸಂವಿಧಾನ ಕಾಯ್ದೆಯಿಂದ ಸಡಿಲವಾಗಿದೆ. ಕಾಲಾವಕಾಶದ ನಂತರ ಕೀಸ್ ಅದೇ ಮಸೂದೆಯನ್ನು ಮತ್ತೆ ಒಪ್ಪಿ ಕೌನ್ಸಿಲ್ ಇಲ್ಲದೆ ಮುಂದೆ ಕಳಿಸಬಹುದು. ನಮ್ಮ ಸಂವಿಧಾನದ 197ನೇ ವಿಧಿಯಡಿ ವಿಧಾನ ಪರಿಷತ್ತು ಮೊದಲ ಸಲ ಮೂರು ತಿಂಗಳು, ಎರಡನೇ ಸಲ ಒಂದು ತಿಂಗಳು ಮಾತ್ರ ತಡೆಯಬಲ್ಲದು ಅನ್ನೋದು ಇದೇ ಜಾತಿಯ ನಿಯಮ.

ಎರಡೂ ಕಡೆ ದಾಟಿದ ಮೇಲೆ ಜಂಟಿ ಕೂಟದಲ್ಲಿ ಸದಸ್ಯರು ಮಸೂದೆಗೆ ಸಹಿ ಹಾಕುತ್ತಾರೆ. ಕೀಸ್‌ನಿಂದ ಕನಿಷ್ಠ 13 ಸಹಿ ಬೇಕು. ನಂತರ ರಾಜಾಂಕಿತ. 1981ರಿಂದ ಹೆಚ್ಚಿನ ಮಸೂದೆಗಳಿಗೆ ಲೆಫ್ಟಿನೆಂಟ್ ಗವರ್ನರ್ ಅವರೇ ಅಂಕಿತ ಹಾಕುತ್ತಾರೆ. ಆದರೆ ಅದಕ್ಕೂ ಮೊದಲು ಲಂಡನ್ನಿನ ನ್ಯಾಯ ಸಚಿವಾಲಯ ನೋಡುತ್ತದೆ. ಇದನ್ನು ಸ್ವತಃ ರಾಜನಿಗೆ ಕಾಯ್ದಿರಿಸಬೇಕೇ ಎಂಬ ತೀರ್ಮಾನ ಅಲ್ಲಿಯದು. ಅಂಕಿತವಾದದ್ದನ್ನು ಟಿನ್‌ವಾಲ್ಡ್‌ನಲ್ಲಿ ಪ್ರಕಟಿಸಿದ ಮೇಲೆ ಅದು ಕಾಯ್ದೆ.

ಹೊಳೆಸಾಲು:
ಜುಲೈ 5ರಂದು ಗುಡ್ಡದ ಮೇಲೆ ಓದಿದ ಮೇಲೇ ಕಾನೂನು ಜಾರಿಗೆ ಬರುತ್ತದೆ ಅಂತ ಕೇಳಿದ್ದೆ. ಅದನ್ನು ಬಿಟ್ಟಿರಲ್ಲ?

ಸಂಪಿಗೆ ಸಾಲು:
ಹಾಗಲ್ಲ ಹೊಳೆಸಾಲಿನವರೇ, ಮೊದಲು ಹಾಗಿತ್ತು, ಈಗ ತಿರುಗುಮುರುಗು. ಕಾಯ್ದೆ ಗುಡ್ಡಕ್ಕಿಂತ ಮೊದಲೇ ಜಾರಿಯಾಗಿರಬಹುದು. ಆದರೆ ಕಾಯ್ದೆಯಾದ 18 ತಿಂಗಳೊಳಗೆ ಗುಡ್ಡದ ಮೇಲೆ ಸಾರದಿದ್ದರೆ ಅದು ಸತ್ತುಹೋಗುತ್ತದೆ. ಗುಡ್ಡ ಕಾನೂನನ್ನು ಹುಟ್ಟಿಸುವುದಿಲ್ಲ, ಉಳಿಸುತ್ತದೆ.

ಈ 18 ತಿಂಗಳ ಲೆಕ್ಕವನ್ನು ಕ್ಯಾಲೆಂಡರ್ ಇಟ್ಟುಕೊಂಡು ನೋಡಿ. ಸಾರುವ ದಿನ ವರ್ಷಕ್ಕೊಂದೇ. ಅಂಕಿತ ಅಕ್ಟೋಬರ್‌ನಲ್ಲಿ ಪ್ರಕಟವಾದರೆ ಮುಂದಿನ ಜುಲೈಗೆ 9 ತಿಂಗಳು, ಅದರ ಮುಂದಿನದಕ್ಕೆ 21. ಅಂದರೆ ಒಂದೇ ಅವಕಾಶ. ಮಾರ್ಚ್‌ನಲ್ಲಿ ಪ್ರಕಟವಾದರೆ ಅದೇ ಜುಲೈಗೆ 4 ತಿಂಗಳು, ಮುಂದಿನ ಜುಲೈಗೆ 16. ಎರಡು ಅವಕಾಶ. ಜುಲೈ ಆಚರಣೆ ಮುಗಿದ ಮೇಲೆ ಡಿಸೆಂಬರ್‌ವರೆಗೆ ಬಂದ ಕಾಯ್ದೆಗಳನ್ನು ಆ ಒಂದು ದಿನ ಬಿಡುವ ಹಾಗೇ ಇಲ್ಲ. ಆದ್ದರಿಂದ ಅಂದು ಓದುವ ಪಟ್ಟಿ ತಯಾರಿಸುವುದು ಬರೀ ಶಿಷ್ಟಾಚಾರದ ಕೆಲಸವಲ್ಲ.

ಜಾಗ ಸೇಂಟ್ ಜಾನ್ಸ್ ಎಂಬ ಹಳ್ಳಿ. ಟಿನ್‌ವಾಲ್ಡ್ ಗುಡ್ಡ ಅಂದರೆ ಗುಡ್ಡವಲ್ಲ, 12 ಅಡಿ ಎತ್ತರದ, ನಾಲ್ಕು ಮೆಟ್ಟಿಲಿನ ದುಂಡು ಮಣ್ಣಿನ ದಿಬ್ಬ. ದ್ವೀಪದ 17 ಪ್ಯಾರಿಷ್‌ಗಳ ಮಣ್ಣೂ ಅದರಲ್ಲಿದೆ ಅನ್ನೋದು ಪ್ರತೀತಿ. ಮೊದಲು ಚರ್ಚಿನಲ್ಲಿ ಪ್ರಾರ್ಥನೆ, ಆಮೇಲೆ ಜೊಂಡುಹುಲ್ಲು ಹಾಸಿದ ದಾರಿಯಲ್ಲಿ ಮೆರವಣಿಗೆ. ಗವರ್ನರ್ ಮುಂದೆ ರಾಜಖಡ್ಗ. ಎಲ್ಲರ ಎದೆಯ ಮೇಲೆ 'ಬೊಲ್ಲನ್ ಬೇನ್' ಸೊಪ್ಪಿನ ಎಸಳು. ತುದಿಯಲ್ಲಿ ಲೆಫ್ಟಿನೆಂಟ್ ಗವರ್ನರ್, ಬಿಷಪ್, ಪ್ರೆಸಿಡೆಂಟ್ ಮತ್ತು ಕೌನ್ಸಿಲ್, ಅದರ ಕೆಳಗೆ ಕೀಸ್. ಗ್ಲೆನ್‌ಫಾಬಾ ವಿಭಾಗದ ಕಾರೊನರ್, ಅಂದರೆ ನ್ಯಾಯಾಲಯದ ಆದೇಶ ಜಾರಿ ಮಾಡುವ ಅಧಿಕಾರಿ, ಸಭೆಗೆ 'ಬೇಲಿ ಹಾಕುತ್ತಾನೆ', ಅಂದರೆ ಇಲ್ಲಿ ಯಾರೂ ಜಗಳ ಗದ್ದಲ ಮಾಡಕೂಡದು ಅಂತ ಸಾರುತ್ತಾನೆ. ನಂತರ ಆ ವರ್ಷದ ಒಂದೊಂದು ಕಾಯ್ದೆಯ ಹೆಸರು ಮತ್ತು ಸಾರಾಂಶವನ್ನು ಡೀಮ್‌ಸ್ಟರ್, ಅಂದರೆ ಅಲ್ಲಿನ ನ್ಯಾಯಾಧೀಶ, ಇಂಗ್ಲಿಷಿನಲ್ಲಿ ಓದುತ್ತಾರೆ. ಮ್ಯಾಂಕ್ಸ್ ಭಾಷೆಯಲ್ಲಿ ಓದಲು 'ಯನ್ ಲೈಡರ್' ಎಂಬ ಓದುಗ ಬೇರೆ. ಕೆಳಗೆ ಹುಲ್ಲಿನ ಮೇಲೆ ನಿಂತ ಜನ ತಮ್ಮ ಮೇಲೆ ಬರುವ ಕಾನೂನನ್ನು ಕಿವಿಯಾರೆ ಕೇಳುತ್ತಾರೆ. ಚರ್ಚಿಗೆ ವಾಪಸಾದ ಮೇಲೆ ಸಾರಿದ್ದೇವೆ ಎಂಬ ಪ್ರಮಾಣಪತ್ರಕ್ಕೆ ಗವರ್ನರ್, ಪ್ರೆಸಿಡೆಂಟ್, ಸ್ಪೀಕರ್ ಹಕ್ಕಿಗರಿಯ ಲೇಖನಿಯಲ್ಲಿ ಸಹಿ ಹಾಕುತ್ತಾರೆ.

ಜುಲೈ 5 ಶನಿವಾರ ಅಥವಾ ಭಾನುವಾರ ಬಿದ್ದರೆ ಸೋಮವಾರ ನಡೆಯುತ್ತದೆ.

ಶರಾವತಿ ದಂಡೆ:
ಅಬ್ಬಾ, ಕಾನೂನನ್ನು ಬಯಲಲ್ಲಿ ಓದಿ ಹೇಳುವ ಪದ್ಧತಿ ಇನ್ನೂ ಇದೆ ಅಂದರೆ! ಸಾಮಾನ್ಯ ಜನ ಅಂದು ಏನಾದರೂ ಕೇಳಬಹುದೇ?

ಸಂಪಿಗೆ ಸಾಲು:
ಕೇಳಬಹುದು. ನನಗೆ ಅತ್ಯಂತ ಮುಖ್ಯ ಅನ್ನಿಸುವುದು ಅದೇ. 'ಕುಂದುಕೊರತೆ ಪರಿಹಾರದ ಅರ್ಜಿ' ಅಂತ ಬರೆದು, ದಿಬ್ಬದ ಬುಡಕ್ಕೆ ನಡೆದು ಬಂದು ಕೈಯಾರೆ ಕೊಡಬಹುದು. ಆದರೆ ಕೊಟ್ಟ ತಕ್ಷಣ ಕೆಲಸ ಆಗುತ್ತದೆ ಅಂದುಕೊಳ್ಳಬಾರದು. ಅರ್ಜಿ ಟಿನ್‌ವಾಲ್ಡ್ ನಿಯಮಾವಳಿಗೆ ಹೊಂದಬೇಕು. ಏನಾಯಿತು ಎಂಬ ಸಂಗತಿ, ಅದರಿಂದಾದ ಅನ್ಯಾಯ, ಏನು ಪರಿಹಾರ ಬೇಕು, ಮೂರೂ ಸ್ಪಷ್ಟ ಇರಬೇಕು. ನ್ಯಾಯಾಲಯಕ್ಕೋ ಬೇರೆ ಪ್ರಾಧಿಕಾರಕ್ಕೋ ಹೋಗಬೇಕಾದ ಖಾಸಗಿ ತಂಟೆಯಾದರೆ ಅಲ್ಲೇ ನಿಂತುಹೋಗುತ್ತದೆ. ನಿಯಮಕ್ಕೆ ಹೊಂದಿದರೂ ಯಾರಾದರೂ ಒಬ್ಬ ಸದಸ್ಯ ಅದನ್ನು ಕೈಗೆತ್ತಿಕೊಂಡು, ಸಮಿತಿಗೆ ವಹಿಸಬೇಕು ಅಂತ ಗೊತ್ತುವಳಿ ತರಬೇಕು. ಯಾರೂ ಎತ್ತಿಕೊಳ್ಳದಿದ್ದರೆ ಅರ್ಜಿ ಕಡತದಲ್ಲೇ ಉಳಿಯುತ್ತದೆ. ಹಾಗಾಗಿ ಗುಡ್ಡಕ್ಕೆ ಬರುವ ಮೊದಲೇ ತಮ್ಮ ಕ್ಷೇತ್ರದ ಸದಸ್ಯರ ಜೊತೆ ಮಾತಾಡಿ ಒಪ್ಪಿಸಿಕೊಂಡವರ ಅರ್ಜಿ ಮುಂದೆ ಹೋಗುತ್ತದೆ.

ತೆರಿಗೆ ಲೆಕ್ಕ:
ಹಣದ ಭಾಗ ನಾನು ಬರೆಯುತ್ತೇನೆ. 1958ರ ಐಲ್ ಆಫ್ ಮ್ಯಾನ್ ಕಾಯ್ದೆಯವರೆಗೆ ದ್ವೀಪದ ಖರ್ಚಿಗೆ ಬ್ರಿಟಿಷ್ ಖಜಾನೆಯ ಒಪ್ಪಿಗೆ ಬೇಕಿತ್ತು. ಆಮೇಲೆ ಹಿಡಿತ ಟಿನ್‌ವಾಲ್ಡ್‌ಗೆ ಬಂತು. ಫೆಬ್ರವರಿಯ ಜಂಟಿ ಕೂಟದಲ್ಲಿ ಖಜಾನೆ ಸಚಿವರು ಬಜೆಟ್ ಮಂಡಿಸುತ್ತಾರೆ. ಆದಾಯ ತೆರಿಗೆ ದರ ಪೂರ್ತಿ ಟಿನ್‌ವಾಲ್ಡ್‌ನದೇ ನಿರ್ಧಾರ. ಮೇಲಿನ ದರ ಬಹುಕಾಲ 20% ಇದ್ದದ್ದು 2024ರಲ್ಲಿ 22% ಆಯಿತು, ಮರುವರ್ಷ 21%ಕ್ಕೆ ಇಳಿಯಿತು. ಹೆಚ್ಚಿನ ಕಂಪನಿಗಳಿಗೆ 0%.

ವ್ಯಾಟ್‌ನಲ್ಲಿ ಮಾತ್ರ ಕೈ ಕಟ್ಟಿದೆ. 1979ರ ಒಪ್ಪಂದದ ಪ್ರಕಾರ ವ್ಯಾಟ್ ಮತ್ತು ಸುಂಕ ಬ್ರಿಟನ್ ಜೊತೆ ಒಂದೇ ಹುಂಡಿಗೆ ಬಿದ್ದು, ಸೂತ್ರದ ಪ್ರಕಾರ ದ್ವೀಪದ ಪಾಲು ಬರುತ್ತದೆ. ಸೂತ್ರ ಬದಲಾದರೆ ಟಿನ್‌ವಾಲ್ಡ್ ಎಷ್ಟು ಮತ ಹಾಕಿದರೂ ಆದಾಯ ಕುಸಿಯುತ್ತದೆ. 2009ರ ನಂತರ ಬ್ರಿಟನ್ ಹಂಚಿಕೆ ಪರಿಷ್ಕರಿಸಿದಾಗ ಆದದ್ದು ಇದೇ. ಸ್ವಯಮಾಡಳಿತದ ನಿಜವಾದ ಗಡಿ ಎಲ್ಲಿದೆ ಅಂತ ತಿಳಿಯಬೇಕಾದರೆ ಸಂವಿಧಾನಕ್ಕಿಂತ ಈ ಹುಂಡಿ ನೋಡಬೇಕು.

ನಡುಗಡ್ಡೆ:
ಗಡಿಯ ಮಾತಿಗೆ ಇನ್ನೊಂದು ಸಾಕ್ಷಿ 1967ರದ್ದು. ರಾಮ್‌ಸೀ ಊರಿನಾಚೆ ಸಮುದ್ರದಲ್ಲಿ ಹಡಗಿನಿಂದ ಪ್ರಸಾರ ಮಾಡುತ್ತಿದ್ದ ರೇಡಿಯೊ ಕೆರೊಲೈನ್ ನಿಲ್ಲಿಸಲು ಬ್ರಿಟನ್ ಕಾನೂನು ತಂದಿತು. ದ್ವೀಪದಲ್ಲೂ ಅಂಥದೇ ಕಾನೂನು ಮಾಡಿ ಅಂದಾಗ ಕೀಸ್ ಒಪ್ಪಲಿಲ್ಲ. ರಾಜಾಜ್ಞೆಯ ಮೂಲಕ ಬ್ರಿಟಿಷ್ ಕಾಯ್ದೆಯನ್ನೇ ದ್ವೀಪಕ್ಕೆ ವಿಸ್ತರಿಸಿದರು. ಒಪ್ಪಿಗೆಯಿಲ್ಲದೆ ಆಂತರಿಕ ವಿಷಯದಲ್ಲಿ ಕಾನೂನು ಮಾಡುವುದಿಲ್ಲ ಅನ್ನೋದು ರೂಢಿ ಮಾತ್ರ, ಬೀಗವಲ್ಲ.

ಹೊಳೆಸಾಲು:
ಪಕ್ಷಗಳ ಸುದ್ದಿಯೇ ಬರಲಿಲ್ಲ. ಸರ್ಕಾರ ರಚಿಸುವುದು ಯಾರು?

ಕಲಾಪ ಕಡತ:
ಬರಲಿಲ್ಲ ಯಾಕೆಂದರೆ ಬಹುಪಾಲು ಸದಸ್ಯರು ಪಕ್ಷೇತರರು. 2016ರಿಂದ 12 ಕ್ಷೇತ್ರ, ಪ್ರತಿ ಕ್ಷೇತ್ರಕ್ಕೆ 2 ಸ್ಥಾನ. ಅದಕ್ಕೂ ಮೊದಲು 15 ಕ್ಷೇತ್ರಗಳಿದ್ದವು, ಒಂದರಲ್ಲಿ 1, ಇನ್ನೊಂದರಲ್ಲಿ 2, ಮತ್ತೊಂದರಲ್ಲಿ 3 ಸ್ಥಾನ, ಹೀಗೆ ಒಂದೂರಿನವನಿಗೆ ಮೂರು ಮತ, ಪಕ್ಕದೂರಿನವನಿಗೆ ಒಂದೇ. ಈಗ ಎಲ್ಲರಿಗೂ ಎರಡು. ಮೇಲಿನ ಇಬ್ಬರು ಗೆಲ್ಲುತ್ತಾರೆ. ಎರಡೂ ಮತ ಹಾಕಲೇಬೇಕೆಂದಿಲ್ಲ. ಮೆಚ್ಚಿನ ಒಬ್ಬನಿಗೇ ಹಾಕಿ ಇನ್ನೊಂದನ್ನು ಬಿಟ್ಟರೆ ಅವನ ಎದುರಾಳಿಗೆ ನಿಮ್ಮ ಮತ ಸೇರುವುದಿಲ್ಲ. ಅಲ್ಲಿನ ಮತದಾರರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಮತದಾನದ ವಯಸ್ಸು 2006ರಿಂದ 16.

ಸೆಪ್ಟೆಂಬರ್‌ನಲ್ಲಿ ಚುನಾವಣೆ, ಅವಧಿ 5 ವರ್ಷ. ಗೆದ್ದವರು ಸೇರಿ ಮೊದಲು ಸ್ಪೀಕರ್, ಆಮೇಲೆ ಮುಖ್ಯಮಂತ್ರಿ ಆರಿಸುತ್ತಾರೆ. ಈ ಹುದ್ದೆ ಬಂದದ್ದು 1986ರಲ್ಲಿ, ಮೊದಲಿಗರು ಮೈಲ್ಸ್ ವಾಕರ್. 2016ರವರೆಗೆ ಕೌನ್ಸಿಲ್ ಸದಸ್ಯರೂ ಈ ಆಯ್ಕೆಯಲ್ಲಿ ಮತ ಹಾಕುತ್ತಿದ್ದರು. 2021ರಲ್ಲಿ ಆಲ್ಫ್ರೆಡ್ ಕ್ಯಾನನ್ ಅವರನ್ನು ಕೀಸ್ ಮಾತ್ರ ಆರಿಸಿತು. ಚುನಾಯಿತರಲ್ಲದವರು ಸರ್ಕಾರ ನಿರ್ಧರಿಸಬಾರದು ಎಂಬ ವಾದ ಗೆದ್ದದ್ದು ಹೀಗೆ.

ಪಕ್ಷಗಳ ಹಿಡಿತವಿಲ್ಲ, ವಿಪ್ ಇಲ್ಲ, ಪಕ್ಷಾಂತರ ನಿಷೇಧದ ಪ್ರಶ್ನೆಯೇ ಇಲ್ಲ. ಕೇಳಲು ಹಿತ. ಆದರೆ ಮತದಾರ ಯಾವ ಕಾರ್ಯಕ್ರಮಕ್ಕೆ ಮತ ಹಾಕಿದ? 24 ಮಂದಿಯ 24 ಪ್ರಣಾಳಿಕೆ. ಸರ್ಕಾರದ ಕಾರ್ಯಕ್ರಮ ಚುನಾವಣೆ ಮುಗಿದ ಮೇಲೆ ತಯಾರಾಗಿ ಟಿನ್‌ವಾಲ್ಡ್ ಮುಂದೆ ಬರುತ್ತದೆ. ಇದು ನಿಜವಾದ ಕೊರತೆ, ಅದನ್ನು ಮುಚ್ಚಿಡಬಾರದು.

ತೆರಿಗೆ ಲೆಕ್ಕ:
ಇನ್ನೊಂದು ಕೊರತೆ ಅದಕ್ಕಿಂತ ದೊಡ್ಡದು. 24ರಲ್ಲಿ ಸ್ಪೀಕರ್, ಮುಖ್ಯಮಂತ್ರಿ, ಸಚಿವರನ್ನು ಕಳೆದರೆ ಉಳಿಯುವವರು ಹದಿನೈದರ ಆಸುಪಾಸು. ಅವರಲ್ಲೂ ಅನೇಕರನ್ನು ಇಲಾಖೆಗಳಿಗೆ 'ಸದಸ್ಯ'ರಾಗಿ ಹಾಕುತ್ತಾರೆ. ತಾನೇ ಕೂತ ಇಲಾಖೆಯ ವಿರುದ್ಧ ಮತ ಹಾಕುವುದು ಕಷ್ಟ. ಹಾಗಾದರೆ ಸರ್ಕಾರವನ್ನು ಪ್ರಶ್ನಿಸುವವರು ಯಾರು? ಲೆಕ್ಕಪತ್ರ ಸಮಿತಿಗೆ ಆಳು ಹೊಂದಿಸುವುದೇ ಕಸರತ್ತು. 2016ರಲ್ಲಿ ಲಾರ್ಡ್ ಲಿಸ್‌ವೇನ್ ನಡೆಸಿದ ಪರಿಶೀಲನೆಯಲ್ಲೂ ಕೌನ್ಸಿಲ್ ಸದಸ್ಯರನ್ನು ಇಲಾಖೆಗಳಿಂದ ದೂರ ಇಟ್ಟು ಪರಿಶೀಲನೆಯ ಕೆಲಸಕ್ಕೆ ಬಿಡಬೇಕು ಎಂಬ ದಿಕ್ಕಿನ ಮಾತಿತ್ತು. ಅದು ಸರಿ ಅಂತಲೇ ನನ್ನ ಅಭಿಪ್ರಾಯ.

ನಡುಗಡ್ಡೆ:
ಒಪ್ಪುತ್ತೇನೆ, ಜೊತೆಗೆ ಒಂದು ಮಾತು. ಆ 8 ಮಂದಿಯನ್ನು ಕೀಸ್ ಆರಿಸುವಾಗ ಅಭ್ಯರ್ಥಿಗೆ 13 ಮತ ಬೇಕು. ಬರದಿದ್ದರೆ ಸುತ್ತಿನ ಮೇಲೆ ಸುತ್ತು. ಅವಧಿ 5 ವರ್ಷ, ನಾಲ್ಕು ನಾಲ್ಕು ಮಂದಿಯಂತೆ ಬೇರೆಬೇರೆ ಸಮಯದಲ್ಲಿ ಖಾಲಿಯಾಗುತ್ತಾರೆ, ಹಾಗಾಗಿ ಕೌನ್ಸಿಲ್ ಒಮ್ಮೆಲೇ ಬರಿದಾಗುವುದಿಲ್ಲ. ನಮ್ಮ ವಿಧಾನ ಪರಿಷತ್ತಿನ 75ರಲ್ಲಿ 25 ಮಂದಿಯನ್ನು ಶಾಸಕರು ಆರಿಸುತ್ತಾರೆ. ಮ್ಯಾನ್‌ನ ಕೌನ್ಸಿಲ್‌ನಲ್ಲಿ ಚುನಾಯಿತ ಸ್ಥಾನಗಳೆಲ್ಲ ಆ ಬಗೆಯವೇ. ತಮ್ಮನ್ನು ಪರೀಕ್ಷಿಸುವವರನ್ನು ತಾವೇ ಆರಿಸುವುದು ಅಂದರೆ ಆಯ್ಕೆಯ ದಿನವೇ ಅರ್ಧ ಪರೀಕ್ಷೆ ಮುಗಿದ ಹಾಗೆ.

ಶರಾವತಿ ದಂಡೆ:
ಕೊನೆಯದೊಂದು. ದಯಾಮರಣದ ಮಸೂದೆ ಅಲ್ಲಿ ಪಾಸಾಯಿತು ಅಂತ ಸುದ್ದಿ ಓದಿದ್ದೆ. ಮೇಲೆ ಹೇಳಿದ ದಾರಿಯಲ್ಲಿ ಅದು ಎಲ್ಲಿ ಬರುತ್ತದೆ?

ಕಲಾಪ ಕಡತ:
ಅದು ಖಾಸಗಿ ಸದಸ್ಯರ ಮಸೂದೆ, ಅಲೆಕ್ಸ್ ಅಲಿನ್ಸನ್ ತಂದದ್ದು. 2022ರಲ್ಲಿ ಮಂಡಿಸಲು ಅನುಮತಿ, ಕೀಸ್‌ನಲ್ಲಿ ವಾಚನಗಳು, ನಡುವೆ ಸಮಿತಿ, ಕೌನ್ಸಿಲ್ ತಿದ್ದುಪಡಿ, ಮತ್ತೆ ಕೀಸ್, ಹೀಗೆ ಓಡಾಡಿ 2025ರ ಮಾರ್ಚ್‌ನಲ್ಲಿ ಎರಡೂ ಕಡೆಯಿಂದ ದಾಟಿತು. ಸುದ್ದಿಯಲ್ಲಿ 'ಪಾಸಾಯಿತು' ಅಂದದ್ದು ಆ ಹಂತವನ್ನು. ಅಲ್ಲಿಂದ ಮುಂದಿನದು ಅಂಕಿತದ ಘಟ್ಟ, ಅಂದರೆ ಲಂಡನ್ನಿನ ಪರಿಶೀಲನೆ. ಅದು ಯಾವತ್ತು ಮುಗಿಯಬೇಕು ಅನ್ನುವ ಗಡುವು ಟಿನ್‌ವಾಲ್ಡ್ ಕೈಯಲ್ಲಿಲ್ಲ. ಅಂಕಿತವಾಗಿ ಪ್ರಕಟವಾದ ದಿನದಿಂದ ಸಂಪಿಗೆಯವರು ಹೇಳಿದ 18 ತಿಂಗಳ ಗಡಿಯಾರ ಶುರು. ಅದರೊಳಗೆ ಬರುವ ಯಾವುದೋ ಒಂದು ಜುಲೈಯಲ್ಲಿ ಡೀಮ್‌ಸ್ಟರ್ ಅದರ ಹೆಸರನ್ನು ದಿಬ್ಬದ ಮೇಲಿಂದ ಓದಬೇಕು.